ಪದ ಪರಿಚಯ: ಸಕಾರಾತ್ಮಕ ಶಿಸ್ತು

ಕೋಲು ಬಿಟ್ಟು ಬಸ್ಕಿ ಹೊಡೆಸಿದರೆ ಅದು ಸಕಾರಾತ್ಮಕ ಶಿಸ್ತು ಆಗುವುದಿಲ್ಲ. ‘ನಾನು ಇನ್ನು ಮಾತಾಡುವುದಿಲ್ಲ’ ಎಂದು ನೂರು ಸಲ ಬರೆಸಿದರೂ ಆಗುವುದಿಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ. ಈ ಪದ ಈಗ ಶಾಲೆಗಳ ಜಾಹೀರಾತಿನಲ್ಲಿದೆ, ಸುತ್ತೋಲೆಯಲ್ಲಿದೆ, ಶಿಕ್ಷಕರ ತರಬೇತಿಯ ಬ್ಯಾನರಿನಲ್ಲೂ ಇದೆ. ಆದರೆ ಕೆಲವರು ಇದನ್ನು ‘ಮೆತ್ತಗಿನ ಶಿಕ್ಷೆ’ ಎಂದುಕೊಂಡಿದ್ದಾರೆ. ಇನ್ನು ಕೆಲವರಿಗೆ ಇದು ‘ಮಕ್ಕಳು ಏನು ಮಾಡಿದರೂ ಸುಮ್ನೆ ಇರುವುದು’. ಎರಡೂ ತಪ್ಪು. ಮಗು ಯಾಕೆ ತಪ್ಪು ಮಾಡಿತು ಎಂದು ಹುಡುಕಿ, ಅದರ ಮರ್ಯಾದೆ ಕಳೆಯದೆ ತಿದ್ದುವುದೇ ಸಕಾರಾತ್ಮಕ ಶಿಸ್ತು.

‘ಸಕಾರಾತ್ಮಕ’ ಎಂಬುದು ಸ್ವಲ್ಪ ಭಾರದ ಪದ, ಅಷ್ಟೇ. ಗೊಂದಲವೆಲ್ಲ ಇರುವುದು ‘ಶಿಸ್ತು’ ಎಂಬಲ್ಲಿ.

ಶಿಸ್ತನ್ನು ಶಿಷ್ಯ, ಶಿಷ್ಟ, ಶಾಸನಗಳ ಜೊತೆ ಕಟ್ಟುವವರಿದ್ದಾರೆ. ಶಿಸ್ತಿಗೂ ಶಿಕ್ಷೆಗೂ ಒಂದೇ ಬೇರು ಎಂದು ವೇದಿಕೆ ಮೇಲೆ ಹೇಳುವವರೂ ಇದ್ದಾರೆ. ಮೊದಲ ಅಕ್ಷರ ಒಂದೇ ಎಂಬುದನ್ನು ಬಿಟ್ಟರೆ ಸಂಬಂಧವಿಲ್ಲ. ಶಿಸ್ತು ಪಾರಸಿ (ಪರ್ಷಿಯನ್) ಮೂಲದ ಪದ. ಪಾರಸಿಯಲ್ಲಿ ‘ಶಸ್ತ್’ ಎಂದರೆ ಹೆಬ್ಬೆರಳು. ಬಿಲ್ಲುಗಾರ ಹೆಬ್ಬೆರಳಿಗೆ ಹಾಕಿಕೊಳ್ಳುವ ಉಂಗುರಕ್ಕೂ ಅದೇ ಹೆಸರು. ಅಲ್ಲಿಂದ ‘ಗುರಿ’ ಎಂಬ ಅರ್ಥ ಬಂತು. ಉರ್ದುವಿನಲ್ಲಿ ‘ಶಿಸ್ತ್ ಬಾಂಧ್‌ನಾ’ ಎಂದರೆ ಇವತ್ತಿಗೂ ಗುರಿ ಹಿಡಿಯುವುದು. ಗುರಿ ಹಿಡಿಯಬೇಕಾದರೆ ಕಣ್ಣು, ಬಾಣದ ತುದಿ, ಗುರಿ ಮೂರೂ ಒಂದೇ ಗೆರೆಗೆ ಬರಬೇಕು. ಆ ಗೆರೆಯಿಂದ ಸಾಲು, ಕ್ರಮ, ಅಚ್ಚುಕಟ್ಟು ಎಂಬ ಅರ್ಥಗಳು ಬೆಳೆದವು. ‘ಶಿಸ್ತಾಗಿ ಡ್ರೆಸ್ ಮಾಡಿಕೊಂಡು ಬಂದ’ ಎನ್ನುತ್ತೇವಲ್ಲ, ಅಲ್ಲಿರುವುದು ಈ ಅಚ್ಚುಕಟ್ಟು. ಇಡೀ ದಾರಿಯಲ್ಲಿ ಎಲ್ಲೂ ಏಟಿನ ಸುದ್ದಿಯಿಲ್ಲ.

ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಇತ್ತು. ಅದು ಭೂಕಂದಾಯ. ಕೆಳದಿಯ ಶಿವಪ್ಪನಾಯಕನನ್ನು ‘ಶಿಸ್ತಿನ ಶಿವಪ್ಪನಾಯಕ’ ಎನ್ನುತ್ತಾರೆ. ಆತ ಬಹಳ ಕಟ್ಟುನಿಟ್ಟಿನ ಮನುಷ್ಯ, ಅದಕ್ಕೇ ಆ ಹೆಸರು ಎಂದು ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. 17ನೇ ಶತಮಾನದಲ್ಲಿ ಆತ ಮಾಡಿದ ಕಂದಾಯದ ವ್ಯವಸ್ಥೆಯ ಹೆಸರೇ ‘ಶಿಸ್ತು’. ಅವನು ಮಾಡಿದ್ದೇನು? ಊರೂರಲ್ಲಿ ಸರ್ಕಾರದ ಲೆಕ್ಕದಲ್ಲೇ ಒಂದಿಷ್ಟು ಹೊಲ ಮಾಡಿಸಿದ. ಎಷ್ಟು ಬಿತ್ತಿದ್ದು, ಎಷ್ಟು ಖರ್ಚಾದದ್ದು, ಎಷ್ಟು ಬೆಳೆದದ್ದು ಎಂದು ಹನ್ನೆರಡು ವರ್ಷ ಬರೆದಿಡಿಸಿದ ಎನ್ನುತ್ತದೆ ಮೈಸೂರು ಗೆಜೆಟಿಯರ್. ನೆಲದ ಗುಣ ನೋಡಿ ಐದು ದರ್ಜೆ ಮಾಡಿದ. ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಸರ್ಕಾರಕ್ಕೆ ಎಂದು ನಿಗದಿ ಮಾಡಿದ. ಮೊದಲು ನೋಡು, ಬರೆದಿಡು, ನೆಲದ ಗುಣ ತಿಳಿ, ಆಮೇಲೆ ಹೇರು. ಶಾಲೆಯಲ್ಲೂ ಈ ಕ್ರಮ ಹೀಗೇ ಇರಬೇಕಿತ್ತು. ನಮ್ಮಲ್ಲಿ ಜಾಸ್ತಿ ನಡೆಯುವುದು ಇದರ ತಿರುವುಮುರುವು.

‘ಶಿಕ್ಷೆ’ ಪೂರ್ತಿ ಬೇರೆ ಮನೆತನದ ಪದ. ಸಂಸ್ಕೃತದಲ್ಲಿ ಅದರ ಅರ್ಥ ಕಲಿಯುವುದು, ಕಲಿಸುವುದು. ಶಿಕ್ಷಣ, ಶಿಕ್ಷಕ ಬಂದದ್ದೂ ಅಲ್ಲಿಂದಲೇ. ಹಿಂದಿಯವರಿಗೆ ಶಿಕ್ಷಾ ಎಂದರೆ ಈಗಲೂ ವಿದ್ಯೆ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ‘ಚಡಿ ಚಮ್ ಚಮ್, ವಿದ್ಯಾ ಘಮ್ ಘಮ್’ ಎಂದು ಹಾಡಿಕೊಂಡೇ ಬೆಳೆದ ತಲೆಮಾರುಗಳಿಗೆ ಇದರಲ್ಲಿ ವಿಚಿತ್ರ ಕಾಣಿಸಲಿಲ್ಲ.

ಈಗ ‘ಸಕಾರಾತ್ಮಕ ಶಿಸ್ತು’ ಎಂಬ ಜೋಡಿ ಪದಕ್ಕೆ ಬರೋಣ. ಇದರ ಹಿಂದಿನ ವಿಚಾರ ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆಡ್ಲರ್ ಮತ್ತು ಅವರ ಶಿಷ್ಯ ರುಡಾಲ್ಫ್ ಡ್ರೈಕರ್ಸ್ ಅವರದ್ದು. 1920ರ ದಶಕದಲ್ಲಿ ಆಡ್ಲರ್ ವಿಯೆನ್ನಾದಲ್ಲಿ ಮಕ್ಕಳ ಸಲಹಾ ಕೇಂದ್ರಗಳನ್ನು ನಡೆಸುತ್ತಿದ್ದರು. ಮಗುವಿನ ಜೊತೆ, ತಂದೆತಾಯಿ ಜೊತೆ ಅವರು ಮಾತಾಡುವುದನ್ನು ಶಿಕ್ಷಕರು ಎದುರಿಗೇ ಕೂತು ನೋಡಿ ಕಲಿಯುತ್ತಿದ್ದರು. ಈ ವಿಚಾರದ ಸಾರ ಇಷ್ಟು: ಮಗುವಿನ ಕೆಟ್ಟ ನಡತೆಗೆ ಒಂದು ಕಾರಣ ಇರುತ್ತದೆ. ಅದನ್ನು ಹುಡುಕಬೇಕು. ಮಾಡಿದ ತಪ್ಪಿಗೆ ಸಂಬಂಧಪಟ್ಟ ಪರಿಣಾಮವನ್ನು ಮಗು ಎದುರಿಸಬೇಕು, ಆದರೆ ಅದರ ಮರ್ಯಾದೆ ಹೋಗಬಾರದು. ಬೆಂಚಿನ ಮೇಲೆ ಇಂಕು ಚೆಲ್ಲಿದವನು ಬೆಂಚು ಒರೆಸುವುದು ಪರಿಣಾಮ. ಅದಕ್ಕಾಗಿ ಮೈದಾನ ಸುತ್ತಿಸುವುದು ಶಿಕ್ಷೆ. ಇಡೀ ತರಗತಿಯ ಮುಂದೆ ‘ನಿಮ್ಮಪ್ಪನ ಹಾಗೇ ನೀನೂ’ ಎಂದು ಬೈಯುತ್ತಾ ಅವನ ಕೈಲಿ ಒರೆಸಿಸಿದರೆ, ಅದೂ ಶಿಕ್ಷೆಯೇ.

ತಡವಾಗಿ ಬರುವ ಮಗುವನ್ನೇ ತೆಗೆದುಕೊಳ್ಳಿ. ದಿನಾ ಹತ್ತು ನಿಮಿಷ ತಡ. ದಿನಾ ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ತಪ್ಪಿದ್ದು ಹತ್ತು ನಿಮಿಷ, ಶಿಕ್ಷೆಯಾಗಿ ಹೋಗಿದ್ದು ಇಡೀ ಪೀರಿಯಡ್. ತಿಂಗಳಾದರೂ ಮಗು ಸಮಯಕ್ಕೆ ಬರುವುದಿಲ್ಲ. ಬರುವುದಾದರೂ ಹೇಗೆ? ಊರಿಗೆ ಇರುವುದು ಒಂದೇ ಬಸ್ಸು, ಅಥವಾ ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರಬೇಕು. ಒಂದು ಸಲ ಕೂರಿಸಿಕೊಂಡು ಕೇಳಿದ್ದರೆ ಇದು ಮೊದಲ ವಾರವೇ ಗೊತ್ತಾಗುತ್ತಿತ್ತು. ಕೇಳಿದ ಮೇಲೆ ‘ಸುಮ್ನೆ ಮಲಗಿದ್ದೆ’ ಎಂಬ ಉತ್ತರವೂ ಬರಬಹುದು. ಆಗ ತಪ್ಪಿದ ಪಾಠವನ್ನು ಬಿಡುವಿನ ಹೊತ್ತಲ್ಲಿ ಮುಗಿಸುವ ಹೊಣೆ ಆ ಮಗುವಿನದ್ದೇ. ಇದರಲ್ಲಿ ಮುದ್ದು ಮಾಡುವುದು ಎಲ್ಲಿ ಬಂತು?

ನ್ಯಾಯದ ಪ್ರಶ್ನೆಯೂ ಇದರೊಳಗೇ ಇದೆ. ಶಿಕ್ಷೆ ಪಡೆಯುವ ಮಕ್ಕಳ ಹೆಸರುಗಳನ್ನು ಒಂದು ತಿಂಗಳು ಬರೆದಿಟ್ಟು ನೋಡಿ. ಯಾವ ಓಣಿಯ ಮಕ್ಕಳು, ಯಾವ ಮನೆಯ ಮಕ್ಕಳು ಮತ್ತೆ ಮತ್ತೆ ಹೊರಗೆ ನಿಲ್ಲುತ್ತಾರೆ? ಅದೇ ತಪ್ಪಿಗೆ ಯಾರಿಗೆ ‘ಹೋಗಲಿ ಬಿಡು’ ಸಿಗುತ್ತದೆ? ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿ ಏಟನ್ನು ಮಾತ್ರ ತಪ್ಪು ಎನ್ನುವುದಿಲ್ಲ. ಗೋಡೆಗೆ ಒರಗಿಸಿ ಕುರ್ಚಿಯಂತೆ ನಿಲ್ಲಿಸುವುದು, ಚೀಲ ತಲೆ ಮೇಲೆ ಹೊರಿಸುವುದು, ಮಂಡಿಯೂರಿಸುವುದು ಅದರಲ್ಲಿವೆ. ಅಡ್ಡಹೆಸರು, ಹಂಗಿಸುವ ಮಾತು, ಜಾತಿ ಅಥವಾ ತಂದೆತಾಯಿಯ ಕಸುಬು ಹಿಡಿದು ಆಡಿಕೊಳ್ಳುವುದು ಕೂಡ ಇವೆ. ‘ನಾನು ಕೈ ಎತ್ತಿಲ್ಲ’ ಎನ್ನುವವರು ಈ ಪಟ್ಟಿಯನ್ನು ಒಮ್ಮೆ ಓದಬೇಕು.

ಕಾನೂನಿನ ಮಾತು ಚಿಕ್ಕದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ‘ಶಿಸ್ತುಕ್ರಮ’ದ ಮಾತೂ ಅದೇ ಕಲಮಿನಲ್ಲಿ ಬರುತ್ತದೆ. ಆದರೆ ಅದು ಮಗುವಿನ ಮೇಲಿನದ್ದಲ್ಲ, ನಿಷೇಧ ಮೀರಿದವರ ಮೇಲಿನದ್ದು. 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹಾಗಾಗಿ ಆರನೇ ತರಗತಿಯವನಿಗೆ ‘ಟಿ.ಸಿ. ಕೊಟ್ಟು ಕಳಿಸ್ತೀವಿ’ ಎಂದು ಹೆದರಿಸುವುದಕ್ಕೆ ಆಧಾರವೇ ಇಲ್ಲ.

ತರಬೇತಿ ಎಡವುವುದು ಇಲ್ಲೇ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಊಟದ ನಂತರ ಇದಕ್ಕೆ ಒಂದು ಗಂಟೆ ಸಿಗುತ್ತದೆ. ತರಬೇತಿ ಕೊಡಲು ಬಂದ ಸಂಪನ್ಮೂಲ ವ್ಯಕ್ತಿ ಕಲಂಗಳನ್ನು ಓದುತ್ತಾರೆ. ‘ಹೊಡೆದರೆ ಕೇಸಾಗುತ್ತದೆ’ ಎಂಬ ಹೆದರಿಕೆಯೊಂದೇ ಶಿಕ್ಷಕರ ಜೊತೆ ಮನೆಗೆ ಹೋಗುತ್ತದೆ. ಮರುದಿನ ‘ಈಗ ಮಕ್ಕಳಿಗೆ ಏನೂ ಹೇಳೋ ಹಾಗಿಲ್ಲ’ ಎಂದು ಕೈ ಚೆಲ್ಲುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಏನು ಮಾಡಬಾರದು ಎಂದು ಹೇಳಿಕೊಟ್ಟರು, ಏನು ಮಾಡಬೇಕು ಎಂದು ಯಾರೂ ಮಾಡಿ ತೋರಿಸಲಿಲ್ಲ. ಮಗು ಎದುರುತ್ತರ ಕೊಟ್ಟಾಗ ಮೊದಲ ವಾಕ್ಯ ಏನಾಗಿರಬೇಕು? ಶಿಕ್ಷಕರಿಗೇ ಸಿಟ್ಟು ನೆತ್ತಿಗೇರಿದಾಗ ತರಗತಿಯನ್ನು ಯಾರಿಗೆ ಒಪ್ಪಿಸಿ ಎರಡು ನಿಮಿಷ ಹೊರಗೆ ಹೋಗಬೇಕು? ಜಗಳವಾಡಿದ ಇಬ್ಬರನ್ನೂ ಹೇಗೆ ಕೇಳಿಸಿಕೊಳ್ಳಬೇಕು? ಇವು ಜೋಡಿಯಾಗಿ ನಿಂತು ಆಡಿ ನೋಡಿ ಕಲಿಯುವಂಥವು. ಸ್ಲೈಡಿನಿಂದ ಬರುವುದಿಲ್ಲ. ಒಂದು ಸಲಕ್ಕೂ ಬರುವುದಿಲ್ಲ. ತಿಂಗಳು ಬಿಟ್ಟು ಮತ್ತೆ ಕೂತು, ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಎಂದು ಮಾತಾಡಬೇಕು.

ಶಿಕ್ಷಕರಿಗೂ ಆಸರೆ ಬೇಕು. ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ 30 ಮಕ್ಕಳಿಗೆ, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ಕಡೆ ‘ಪ್ರತಿ ಮಗುವಿನ ಕಾರಣ ಕೇಳಿ’ ಎಂದರೆ ಅದು ಬರೀ ಉಪದೇಶ. ಅಲ್ಲಿ ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಆ ಕೇಳುವ ಕೆಲಸವನ್ನು ಹಂಚಿಕೊಳ್ಳಬೇಕು.

ಇನ್ನು ‘ಸಿಬ್ಬಂದಿ ತರಬೇತಿ’ ಎಂದಾಗ ಸಿಬ್ಬಂದಿ ಎಂದರೆ ಶಿಕ್ಷಕರು ಮಾತ್ರ ಎಂದು ಹಿಡಿಯುವುದು ಇನ್ನೊಂದು ತಪ್ಪು. ಸುಮಾರು ಶಾಲೆಗಳಲ್ಲಿ ‘ಶಿಸ್ತು’ ಎಂದರೆ ಪಿ.ಟಿ. ಮೇಷ್ಟ್ರ ಸೀಟಿ. ಊಟದ ಸಾಲಲ್ಲಿ ಮಕ್ಕಳನ್ನು ಗದರಿಸುವವರು ಅಡುಗೆಯವರು. ವ್ಯಾನಿನಲ್ಲಿ ಚಾಲಕರು, ಚಿಕ್ಕ ತರಗತಿಗಳಲ್ಲಿ ಆಯಾ. ತಡವಾಗಿ ಬಂದವರ ಮುಖಕ್ಕೆ ಗೇಟು ಹಾಕುವವರು ಕಾವಲುಗಾರರು, ಅದೂ ಮೇಲಿನವರ ಆದೇಶದಂತೆ. ಗೇಟು ಹಾಕಿದ ಮೇಲೆ ಆ ಮಗು ರಸ್ತೆಯಲ್ಲಿ ಇರುತ್ತದೆ, ಅಲ್ವಾ? ಮೊದಲು ಆ ಆದೇಶ ಹೋಗಬೇಕು. ಆಮೇಲೆ ತರಬೇತಿಯ ಹಾಜರಿ ಪಟ್ಟಿಯಲ್ಲಿ ಇವರೆಲ್ಲರ ಹೆಸರೂ ಬರಬೇಕು.