ಮಕ್ಕಳ ಟಿಬಿ: ಕಫ ಸಿಗದಿದ್ದಾಗ ಎಲ್ಲಿ ಹುಡುಕಬೇಕು?

ಟಿಬಿ ಅನುಮಾನ ಬಂದರೆ ವೈದ್ಯರಾದ ನಾವು ದೊಡ್ಡವರಲ್ಲಾದರೆ ಕಫ ತೆಗೆಸಿ ಪರೀಕ್ಷೆಗೆ ಕಳಿಸುತ್ತೇವೆ. ಚಿಕ್ಕ ಮಕ್ಕಳಲ್ಲಿ ಅದು ನಡೆಯುವುದಿಲ್ಲ. ಮಗು ಕಫ ಉಗುಳುವುದಿಲ್ಲ, ನುಂಗಿಬಿಡುತ್ತದೆ. ಹೇಗೋ ಸಿಕ್ಕರೂ ಅದರಲ್ಲಿ ರೋಗಾಣುಗಳು ತೀರಾ ಕಡಿಮೆ. ಹಾಗಾಗಿ ವರದಿ ನೆಗೆಟಿವ್ ಬಂತು ಅಂದಮಾತ್ರಕ್ಕೆ ಟಿಬಿ ಇಲ್ಲ ಎಂದಲ್ಲ. ಪರೀಕ್ಷೆಗೆ ಚೀಟಿ ಬರೆದುಕೊಡುವಾಗ ಇದನ್ನು ಮೊದಲು ನೆನಪಿಡಿ.

ಖಾಸಗಿ ಕ್ಲಿನಿಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಒಬ್ಬ ವೈದ್ಯರು ಐದು ದಿನ ಆಂಟಿಬಯೋಟಿಕ್ ಕೊಡುತ್ತಾರೆ. ಕೆಮ್ಮು ಹೋಗದಿದ್ದರೆ ಅಪ್ಪ ಅಮ್ಮ ಮಗುವನ್ನು ಬೇರೆ ಕಡೆ ತೋರಿಸುತ್ತಾರೆ. ಅಲ್ಲಿ ದಿನಗಳ ಲೆಕ್ಕ ಮತ್ತೆ ಮೊದಲಿನಿಂದ ಶುರು. ಎರಡು ವಾರ ದಾಟಿದ ಕೆಮ್ಮು ಅಂದರೆ ಟಿಬಿ ಅನುಮಾನಪಡಬೇಕು, ಆದರೆ ಹಾಗೆಂದು ಯಾರ ಚೀಟಿಯಲ್ಲೂ ಇರುವುದಿಲ್ಲ. ಪರೀಕ್ಷೆಯ ಯಂತ್ರ ಇಲ್ಲದಿರುವುದಕ್ಕಿಂತ ಇದೇ ಜಾಸ್ತಿ ನಷ್ಟ ಮಾಡುತ್ತದೆ ಎಂದು ನನಗನ್ನಿಸುತ್ತದೆ.

ಅದಕ್ಕೇ ಹಳೆಯ ಚೀಟಿಗಳನ್ನೆಲ್ಲ ತರಲು ಹೇಳಿ. ಮೇಜಿನ ಮೇಲೆ ತಾರೀಕಿನ ಪ್ರಕಾರ ಜೋಡಿಸಿ. ಮಕ್ಕಳಿಗೆ ಔಷಧಿಯನ್ನು ತೂಕ ನೋಡಿ ಕೊಡುವುದರಿಂದ ಚೀಟಿಯ ಮೂಲೆಯಲ್ಲಿ ಸಾಮಾನ್ಯವಾಗಿ ತೂಕ ಇರುತ್ತದೆ. ಮೊದಲನೆಯದರಲ್ಲಿ 11.4 ಕೆಜಿ, ನಂತರದ್ದರಲ್ಲಿ 11.2, ಕೊನೆಯದರಲ್ಲಿ 10.9 ಎಂದಿಟ್ಟುಕೊಳ್ಳಿ. ಒಂದೊಂದನ್ನೇ ನೋಡಿದರೆ ಏನೂ ಕಾಣದು. ಪಕ್ಕಪಕ್ಕ ಇಟ್ಟರೆ ಬೆಳೆಯಬೇಕಾದ ಮಗು ಇಳಿಯುತ್ತಿರುವುದು ಎದ್ದು ಕಾಣುತ್ತದೆ. ತೂಕ ಇಳಿಯದೆ ಸುಮ್ನೆ ನಿಂತಲ್ಲೇ ನಿಂತಿದ್ದರೂ ಅನುಮಾನಪಡಿ. ಎರಡು ವಾರ ಮೀರಿದ ಜ್ವರ, ಆಟವಾಡದೆ ಮಂಕಾಗಿರುವುದು, ಕತ್ತಿನ ಗಂಟು ಇವನ್ನೂ ಕೇಳಿ, ನೋಡಿ.

ಮುಂದಿನದು ಟಿಬಿ ಇರುವವರ ಸಂಪರ್ಕ. "ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯಾ?" ಎಂದರೆ "ಇಲ್ಲ" ಎಂಬ ಉತ್ತರವೇ ಬರುವುದು. ನಾಚಿಕೆ, ಭಯ ಇರುತ್ತದೆ ಅಲ್ವಾ? ಬಾಗಿಲು ಮುಚ್ಚಿ, ನಿಧಾನವಾಗಿ ಕೇಳಿ. ಮನೆಯಲ್ಲಿ ಯಾರು ತುಂಬಾ ದಿನದಿಂದ ಕೆಮ್ಮುತ್ತಿದ್ದಾರೆ? ಯಾರಾದರೂ ತಿಂಗಳುಗಟ್ಟಲೆ ಮಾತ್ರೆ ತಗೊಂಡಿದ್ದಾರಾ? ಹಗಲು ಮಗು ಯಾರ ಹತ್ತಿರ ಇರುತ್ತದೆ? ಐದು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಎರಡು ವರ್ಷದೊಳಗಿನವರಿಗೆ, ಸೋಂಕು ತಗುಲಿದ ಮೇಲೆ, ಅಂದರೆ ರೋಗಾಣು ದೇಹ ಸೇರಿದ ಮೇಲೆ, ರೋಗವಾಗುವ ಅಪಾಯ ಜಾಸ್ತಿ. ಹೆಚ್ಚಾಗಿ ಒಂದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ.

ಇನ್ನು ಪರೀಕ್ಷೆಗಳು. ಮಗು ನುಂಗಿದ ಕಫ ಹೊಟ್ಟೆಗೆ ಹೋಗುತ್ತದೆ, ಆಮೇಲೆ ಮಲದಲ್ಲಿ ಹೊರಬರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನ ನಳಿಕೆ ಹಾಕಿ ಜಠರದ ದ್ರವ ತೆಗೆಯುವುದು ಹಳೆಯ ಕ್ರಮ. ಮಗುವಿಗೂ ಹಿಂಸೆ, ಸಣ್ಣ ಕ್ಲಿನಿಕ್‌ಗೂ ಕಷ್ಟ. ಈಗ ಸುಮಾರು 1 ಗ್ರಾಂ ಮಲವನ್ನೇ ಜೀನ್‌ಎಕ್ಸ್‌ಪರ್ಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ) ಪರೀಕ್ಷೆಗೆ ಕಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಪಾಸಿಟಿವ್ ಬಂದರೆ ನಂಬಿ, ನೆಗೆಟಿವ್ ಬಂದರೆ ಹುಡುಕಾಟ ನಿಲ್ಲಿಸಬೇಡಿ.

ಮಾಂಟೂ ಪರೀಕ್ಷೆಯನ್ನು (ಚರ್ಮದೊಳಗೆ ಚುಚ್ಚಿ ನೋಡುವುದು) 48ರಿಂದ 72 ಗಂಟೆಯೊಳಗೆ ಓದಬೇಕು. ಕೆಂಪಾದ ಜಾಗವನ್ನಲ್ಲ, ಬೆರಳಿಗೆ ಗಟ್ಟಿಯಾಗಿ ಸಿಗುವ ಊತವನ್ನು ಅಳೆಯಬೇಕು. 10 ಮಿ.ಮೀ. ಅಥವಾ ಹೆಚ್ಚಿದ್ದರೆ ಪಾಸಿಟಿವ್, ಎಚ್‌ಐವಿ ಅಥವಾ ತೀವ್ರ ಅಪೌಷ್ಟಿಕತೆ ಇದ್ದರೆ 5 ಸಾಕು. ಮಾಂಟೂ ಆಗಲಿ, ದುಬಾರಿ ಇಗ್ರಾ ರಕ್ತಪರೀಕ್ಷೆ ಆಗಲಿ ಸೋಂಕು ತಗುಲಿದೆಯೇ ಎಂದಷ್ಟೇ ಹೇಳುತ್ತವೆ, ರೋಗ ಇದೆ ಎಂದಲ್ಲ. ರಕ್ತದ ಆಂಟಿಬಾಡಿ ಪರೀಕ್ಷೆಯನ್ನಂತೂ ಟಿಬಿಗಾಗಿ ಬಳಸಲೇಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ.

ಎಕ್ಸ್-ರೇಯನ್ನು ಎದುರಿನಿಂದ ಮಾತ್ರವಲ್ಲ, ಪಕ್ಕದಿಂದಲೂ ತೆಗೆಸಿ. ಶ್ವಾಸನಾಳ ಶ್ವಾಸಕೋಶಕ್ಕೆ ಸೇರುವ ಜಾಗದ ಗ್ರಂಥಿಗಳು ಆಗ ಚೆನ್ನಾಗಿ ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯ ಜೊತೆ ಬಂದ ಅಂಕ ಪಟ್ಟಿಯಲ್ಲಿ ಲಕ್ಷಣ ಮತ್ತು ಎಕ್ಸ್-ರೇ ಅಂಕಗಳ ಮೊತ್ತ 10 ಮೀರಿದರೆ, ಲ್ಯಾಬ್ ವರದಿ ಖಚಿತವಾಗದಿದ್ದರೂ ಚಿಕಿತ್ಸೆ ಶುರು ಮಾಡಬಹುದು. ಇದು ಹತ್ತು ವರ್ಷದೊಳಗಿನವರ ಶ್ವಾಸಕೋಶದ ಟಿಬಿಗೆ.

ಅನುಮಾನ ಇದ್ದಾಗ ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಬರೆಯಬೇಡಿ. ಅದು ಟಿಬಿ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಮಗು ಸ್ವಲ್ಪ ದಿನ ಚೇತರಿಸಿಕೊಂಡಂತೆ ಕಂಡು, ರೋಗ ಒಳಗೇ ಉಳಿಯುತ್ತದೆ. ಜ್ವರದ ಜೊತೆ ತೂಕಡಿಕೆ, ವಾಂತಿ, ಫಿಟ್ಸ್ ಇದ್ದರೆ ಮಿದುಳಿನ ಟಿಬಿ ಇರಬಹುದು. ಅಂಥ ಮಗುವನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿ.

ಹಾಗೆ ಕಳಿಸುವಾಗ ಕೆಮ್ಮು ಶುರುವಾದ ತಾರೀಕು, ತೂಕಗಳು, ಕೊಟ್ಟ ಔಷಧಿ, ಮನೆಯಲ್ಲಿ ಕೆಮ್ಮುವವರು ಯಾರು ಎಂಬುದನ್ನು ಚೀಟಿಯ ಮೇಲೆ ಬರೆದುಕೊಡಿ. ಮುಂದಿನ ವೈದ್ಯರು ಅಲ್ಲಿಂದಲೇ ಮುಂದುವರಿಸುತ್ತಾರೆ.