ತಾಲೂಕು ಸುರಕ್ಷಿತ, ಬೋರ್ ಮಾತ್ರ ಫೇಲ್

ಅಂತರ್ಜಲ ವರದಿಯ ಸುದ್ದಿ ಪೇಪರಿನಲ್ಲಿ ಬಂದರೆ ಸಾಕು, ನನಗೆ ಎರಡು ಥರದ ಫೋನು ಶುರು. "ಸಾರ್, ನಮ್ಮ ತಾಲೂಕು ಸುರಕ್ಷಿತ ಅಂತ ಬಂದಿದೆ, ಒಂದು ಪಾಯಿಂಟ್ ಹಾಕಿಕೊಡಿ" ಅನ್ನುವುದು ರೈತರು. "ನಮ್ಮನ್ನ ಅತಿಬಳಕೆ ಪಟ್ಟಿಯಿಂದ ತೆಗೆಸಿ" ಅನ್ನುವುದು ಮುಖಂಡರು.

ಈ ಲೆಕ್ಕವನ್ನು ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ನಿರ್ದೇಶನಾಲಯ ಸೇರಿ ಮಾಡುತ್ತವೆ. 2022ರಿಂದ ಇದು ಪ್ರತಿ ವರ್ಷವೂ ನಡೆಯುತ್ತಿದೆ. ಒಂದು ತಾಲೂಕಿನಲ್ಲಿ ವರ್ಷಕ್ಕೆ ಎತ್ತಬಹುದಾದ ನೀರೆಷ್ಟು, ಅದರಲ್ಲಿ ಎತ್ತುತ್ತಿರುವುದು ಶೇಕಡಾ ಎಷ್ಟು, ಲೆಕ್ಕ ಅಷ್ಟೇ. 70ರವರೆಗೆ ಸುರಕ್ಷಿತ, 90ರವರೆಗೆ ಅರೆ ಕ್ಲಿಷ್ಟಕರ, 100ರವರೆಗೆ ಕ್ಲಿಷ್ಟಕರ, ಅದನ್ನು ದಾಟಿದರೆ ಅತಿಬಳಕೆ.

ಶೇಕಡಾ ಅಂದರೆ ಎರಡು ಸಂಖ್ಯೆಗಳ ಅನುಪಾತ, ಅಲ್ವಾ? ಎತ್ತುವುದು ಕಡಿಮೆಯಿದ್ದರೆ ಅದು ತಾನಾಗಿಯೇ ಇಳಿಯುತ್ತದೆ. ಬಂಡೆಯಲ್ಲಿ ನೀರೇ ಸಿಗದ ಕಡೆ ಜನ ಜಾಸ್ತಿ ಬೋರ್ ಕೊರೆಸುವುದಿಲ್ಲ. ಅಂಥ ತಾಲೂಕು ಪಟ್ಟಿಯಲ್ಲಿ ಆರಾಮಾಗಿ ಸುರಕ್ಷಿತವಾಗಿರಬಹುದು. ಕೋಲಾರದ ಕಡೆ ಶೇಕಡಾ 100 ದಾಟಿದೆ, ಆದರೂ ಅಲ್ಲಿ ಇವತ್ತಿಗೂ ಕೆಲವರ ಬೋರಿನಲ್ಲಿ ನೀರು ಬರುತ್ತದೆ. ಬರುವುದು ಮಳೆ ತುಂಬಿಕೊಡುವುದಕ್ಕಿಂತ ಜಾಸ್ತಿ, ಹಳೇ ದಾಸ್ತಾನಿನಿಂದ. ಊರಿನ ಒಟ್ಟು ಜಮಾಖರ್ಚು ನೋಡಿ ನಿಮ್ಮ ಜೇಬಿನಲ್ಲಿ ಎಷ್ಟಿದೆ ಅಂತ ಹೇಳೋಕೆ ಆಗುತ್ತಾ? ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಅಧಿಕಾರಿಗಳ ತಲೆಗೂ ಅಷ್ಟೇ.

ಜಮೆಯ ಕಡೆ ನೋಡಿ. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆ ಹಿಡಿದಿಟ್ಟುಕೊಳ್ಳುವ ನೀರು ಬಹಳ ಕಮ್ಮಿ. ಮೇಲಿನ ಶಿಥಿಲ ಪದರದಲ್ಲೂ, ಅಂದರೆ ಸವೆದು ಸಡಿಲಾದ ಬಂಡೆಯಲ್ಲೂ, ಬಿಟ್ಟುಕೊಡುವ ನೀರು ಅದರ ಗಾತ್ರದ ಶೇಕಡಾ 2ರ ಆಸುಪಾಸು ಅಂದುಕೊಳ್ಳಿ. ಮಳೆಗಾಲ ಮುಗಿದಾಗ ನೀರಿನ ಮಟ್ಟ 3 ಮೀಟರ್ ಮೇಲೆ ಬಂದಿದೆ ಅಂತ ಎಲ್ಲರೂ ಖುಷಿಪಡುತ್ತಾರೆ. ಅದು ನಿಜವಾಗಿ 6 ಸೆಂಟಿಮೀಟರ್ ನೀರು! ಎಕರೆಗೆ ಸುಮಾರು 2.4 ಲಕ್ಷ ಲೀಟರ್. ಒಂದು ಬೆಳೆ ತೆಗೆಯೋಕೆ ಇದರ ಎಷ್ಟೋ ಪಟ್ಟು ಬೇಕು.

ಖರ್ಚಿನ ಕಡೆ ಇನ್ನೂ ಕಷ್ಟ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬಹುಪಾಲು ಕಡೆ ಮೀಟರೇ ಇಲ್ಲ. ಹಾಗಾಗಿ ಎಷ್ಟು ಎತ್ತಿದರು ಅನ್ನುವುದು ಬೋರುಗಳ ಎಣಿಕೆ ಮತ್ತು ಒಂದೊಂದು ಬೋರಿನ ಸರಾಸರಿಯಿಂದ ಕಟ್ಟಿದ ಅಂದಾಜು. ಒಳ್ಳೆಯ ಅಂದಾಜೇ, ಆದರೂ ಅಂದಾಜು. ನಾನು ಅಂತರ್ಜಲ ಇಲಾಖೆಯಲ್ಲಿದ್ದಾಗ ಒಮ್ಮೆ ಒಬ್ಬ ಹಿರಿಯ ಮುಖಂಡರು ಬಂದು ಕೂತು, "101ನ್ನ 99 ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂತ ಕೇಳಿದರು. ಪ್ರೀತಿಯ ಮನುಷ್ಯ, ಬರುವಾಗ ಮನೆಯ ಮಾವಿನಹಣ್ಣನ್ನೂ ತಂದಿದ್ದರು. ಎರಡು ಅಂಕಿಗೆ ನೆಲದಡಿಯ ನೀರು ಬದಲಾಗುವುದಿಲ್ಲ ಅಂತ ನಾನೂ ಒಪ್ಪಿದೆ. ಅದೇ ಕಾರಣಕ್ಕೆ ತಿದ್ದಲಿಲ್ಲ. ಅವರ ಜನಕ್ಕೆ ಚಿಂತೆಯಿದ್ದದ್ದು ನೀರಿನದ್ದಲ್ಲ, ಅನುಮತಿಯದ್ದು. ರಾಜ್ಯದ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಅತಿಬಳಕೆಯ ಕಾರಣಕ್ಕೆ ಸರ್ಕಾರ ಘೋಷಿಸಿದ ಕಡೆ, ಬೋರ್ ಕೊರೆಸಲು ಅನುಮತಿ ಬೇಕು.

ವಿಜ್ಞಾನಿಯ ಕೆಲಸ ಎಲ್ಲಿ ಮುಗಿಯುತ್ತದೆ ಅನ್ನುವ ಗೊಂದಲ ಇಲ್ಲೇ ಹುಟ್ಟುವುದು. ಸಭೆಗಳಲ್ಲಿ "ಅನುಮತಿ ಕೊಡಬೇಕೋ ಬೇಡವೋ, ಒಂದೇ ಮಾತಲ್ಲಿ ಹೇಳಿ" ಅನ್ನುತ್ತಾರೆ. ಇಷ್ಟು ಬೋರ್ ಹೆಚ್ಚಾದರೆ ಮಟ್ಟ ಸುಮಾರು ಹೀಗೆ ಇಳಿಯಬಹುದು ಅಂತ ಲೆಕ್ಕ ಮಾಡುವ ಸಂಸ್ಥೆ ಹೇಳಬಲ್ಲದು. ಯಾರ ಬೆಳೆಗೆ ಎಷ್ಟು ನೀರು, ಯಾರಿಗೆ ಬೇಡ ಅನ್ನಬೇಕು ಅನ್ನುವುದು ಸರ್ಕಾರದ ತೀರ್ಮಾನ. ಅದನ್ನು ನಮ್ಮ ತಲೆಗೆ ಕಟ್ಟಿ, ಆಮೇಲೆ ವರದಿಯೇ ಸರಿಯಿಲ್ಲ ಅನ್ನುವುದು ಸುಮ್ನೆ ಜಾರಿಕೊಳ್ಳುವ ದಾರಿ.

ಪಟ್ಟಿ ಇರುವುದು ತಾಲೂಕಿನ ಮಟ್ಟದ ನೀತಿಗೆ. ನಿಮ್ಮ ಹೊಲದ ಪ್ರಶ್ನೆಯೇ ಬೇರೆ. ಜಿಲ್ಲಾ ಅಂತರ್ಜಲ ಕಚೇರಿಗೆ ಹೋಗಿ, ನಿಮಗೆ ಹತ್ತಿರದ ವೀಕ್ಷಣಾ ಬಾವಿಯ ಮಟ್ಟ ಬೇಸಿಗೆಯಲ್ಲಿ ಎಷ್ಟಿತ್ತು, ಮಳೆ ನಿಂತ ಮೇಲೆ ಎಷ್ಟಾಯಿತು ಕೇಳಿ. ಒಂದೇ ವರ್ಷದ್ದಲ್ಲ, ಹಿಂದಿನ ಹಲವು ವರ್ಷಗಳದ್ದು. ಸುತ್ತಮುತ್ತ ಫೇಲಾದ ಬೋರುಗಳ ಆಳ ಬರೆದುಕೊಳ್ಳಿ. ಆಮೇಲೆ ಭೂವಿಜ್ಞಾನಿಯ ಹತ್ತಿರ ಸಮೀಕ್ಷೆ ಮಾಡಿಸಿ. ತೆಂಗಿನಕಾಯಿ ಹಿಡಿದು ನೋಡುವವರನ್ನೂ ಕರೆಸುತ್ತೀರಿ ಅಂತ ಗೊತ್ತು, ಬೇಜಾರಿಲ್ಲ. ಆದರೆ ಎಷ್ಟು ಇಂಚು ನೀರು ಬರುತ್ತೆ ಅಂತ ನನ್ನ ಹತ್ತಿರ ಬರೆಸಿಕೊಳ್ಳಲು ಮಾತ್ರ ಬರಬೇಡಿ.