ಹೊರಗೆ ನಿಂತವರು ಕಟ್ಟಿದ ಮಾತಿನ ಸಂಘ

ನೂರು ವರ್ಷದ ಹಿಂದೆ ಅಮೆರಿಕದ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ ಹುಡುಗನಿಗೆ ಸ್ವೆಟರ್ ಮೇಲೆ ಹೊಲಿಸಿಕೊಳ್ಳಲು ಕಾಲೇಜಿನ ಹೆಸರಿನ ಅಕ್ಷರ ಸಿಗುತ್ತಿತ್ತು. ಅದನ್ನು ಹಾಕಿಕೊಂಡು ಹೊರಟರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಚರ್ಚಾಸ್ಪರ್ಧೆ ಗೆದ್ದು ಬಂದವನಿಗೆ? ಚಪ್ಪಾಳೆ, ಅಷ್ಟೇ. ಭಾಷಣಗಾರರ ಸಂಘಗಳು ಹುಟ್ಟಿದ್ದರಲ್ಲಿ ಈ ಸಣ್ಣ ಹೊಟ್ಟೆಕಿಚ್ಚಿನ ಪಾಲೂ ಇದೆ.

1892ರಲ್ಲಿ ಹಾರ್ವರ್ಡ್ ಮತ್ತು ಯೇಲ್ ಎದುರುಬದುರು ನಿಂತು ವಾದ ಮಾಡಿದ ಮೇಲೆ ಕಾಲೇಜು ಕಾಲೇಜುಗಳ ನಡುವೆ ಚರ್ಚೆಯ ಹುಚ್ಚು ಹತ್ತಿಕೊಂಡಿತು. 1906ರಲ್ಲಿ ಶಿಕಾಗೋದಲ್ಲಿ ಡೆಲ್ಟಾ ಸಿಗ್ಮಾ ರೋ ಎಂಬ ಭಾಷಣಗಾರರ ಸಂಘ ಹುಟ್ಟಿತು. 1908ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಟೌ ಕಪ್ಪಾ ಆಲ್ಫಾ. ಹೆಸರಿಗೆ ಗ್ರೀಕ್ ಅಕ್ಷರ, ಸದಸ್ಯರಿಗೆ ಬೀಗದ ಕೈ ಆಕಾರದ ಚಿಕ್ಕ ಪದಕ. ನಮ್ಮ ಕಾಲೇಜುಗಳ ರೋಲಿಂಗ್ ಶೀಲ್ಡ್ ಪ್ರಿನ್ಸಿಪಾಲರ ಕೋಣೆಯ ಬೀರು ಸೇರುತ್ತದೆ. ಈ ಪದಕ ಹಾಗಲ್ಲ, ಗೆದ್ದವನ ಮೈಮೇಲೇ ಇರುತ್ತಿತ್ತು. ಆದರೆ ಈ ಸಂಘಗಳ ಕಣ್ಣು ಜಾಸ್ತಿ ಇದ್ದದ್ದು ದೊಡ್ಡ ವಿಶ್ವವಿದ್ಯಾಲಯಗಳ ಮೇಲೆ. ಸಣ್ಣ ಊರಿನ ಕಾಲೇಜಿನವರು ಎಷ್ಟೇ ಚೆನ್ನಾಗಿ ಮಾತಾಡಿದರೂ ಒಳಗೆ ಹೋಗುವುದು ಕಷ್ಟವಿತ್ತು.

ಕಾನ್ಸಾಸ್‌ನ ಒಟಾವಾ ಎಂಬ ಪುಟ್ಟ ಊರಿನ ವಿದ್ಯಾರ್ಥಿ ಜಾನ್ ಶೀಲ್ಡ್ಸ್‌ಗೆ ಇದು ಸರಿ ಕಾಣಲಿಲ್ಲ. ಅಲ್ಲಿ ಪಾಠ ಹೇಳಿದ್ದ ಎಗ್ಬರ್ಟ್ ರೇ ನಿಕೋಲ್ಸ್ ಅಷ್ಟರಲ್ಲಿ ವಿಸ್ಕಾನ್ಸಿನ್‌ನ ರಿಪನ್ ಕಾಲೇಜಿಗೆ ಹೋಗಿದ್ದರು. ಅವರ ತಲೆಯಲ್ಲೂ ಇದೇ ಯೋಚನೆ. ಕಾನ್ಸಾಸ್‌ನ ಕೃಷಿ ಕಾಲೇಜಿನಿಂದ ಎಡ್ಗರ್ ವಾನ್ ಜೊತೆಗೂಡಿದರು. 1913ರಲ್ಲಿ ಸಂಘ ನಿಂತಿತು. ಹೆಸರು ಪೈ ಕಪ್ಪಾ ಡೆಲ್ಟಾ. ಪೀಥೋ, ಕಾಲೆ, ಡಿಕಾಯಾ ಎಂಬ ಮೂರು ಗ್ರೀಕ್ ಪದಗಳ ಮೊದಲಕ್ಷರಗಳು ಇವು. ಮನವೊಲಿಸುವ ಕಲೆ, ಅದು ಚೆಂದವೂ ಆಗಿರಬೇಕು, ನ್ಯಾಯವೂ ಆಗಿರಬೇಕು ಎಂದು ಅರ್ಥ. ಈ ‘ನ್ಯಾಯ’ ಅನ್ನುವ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಂಘ ಬೇಗ ಬೆಳೆಯಿತು. ಮೊದಲೆಲ್ಲ ಒಂದು ಚರ್ಚೆಗಾಗಿ ರೈಲು ಹತ್ತಿ ಇನ್ನೊಂದು ಊರಿಗೆ ಹೋಗಬೇಕಿತ್ತು. ಸಣ್ಣ ಕಾಲೇಜಿನ ಕೈಗೆ ಅದು ದುಬಾರಿ. 1923ರಲ್ಲಿ ಕಾನ್ಸಾಸ್‌ನ ವಿನ್‌ಫೀಲ್ಡ್‌ನಲ್ಲಿ ಹಲವು ತಂಡಗಳನ್ನು ಒಂದೇ ಕಡೆ ಸೇರಿಸಿ ಟೂರ್ನಮೆಂಟ್ ನಡೆಸಿದರು. ಒಂದು ಟಿಕೆಟ್ ಖರ್ಚಿನಲ್ಲಿ ಹಲವು ಚರ್ಚೆ! ಪೈ ಕಪ್ಪಾ ಡೆಲ್ಟಾ ಇದನ್ನು ಕೈಬಿಡಲಿಲ್ಲ. 1926ರಲ್ಲಿ ಕೊಲೊರಾಡೋದ ಎಸ್ಟೆಸ್ ಪಾರ್ಕ್‌ನಲ್ಲಿ ತನ್ನ ರಾಷ್ಟ್ರೀಯ ಟೂರ್ನಮೆಂಟ್ ಶುರು ಮಾಡಿತು.

ಇಷ್ಟೆಲ್ಲ ಸರಿ. ಆದರೆ ತಮ್ಮನ್ನು ಹೊರಗೆ ನಿಲ್ಲಿಸಿದರು ಎಂದು ಸಂಘ ಕಟ್ಟಿದವರು ತಾವೂ ಒಬ್ಬರನ್ನು ಹೊರಗೇ ನಿಲ್ಲಿಸಿದರು. ಎರಡನೇ ಮಹಾಯುದ್ಧ ಮುಗಿಯುವವರೆಗೆ ಕಪ್ಪು ವಿದ್ಯಾರ್ಥಿಗಳಿಗೆ ಇಲ್ಲಿ ಜಾಗ ಇರಲಿಲ್ಲ.

ಆ ಕಾಲದಲ್ಲೇ ಟೆಕ್ಸಸ್‌ನ ಮಾರ್ಷಲ್‌ನಲ್ಲಿ, ವೈಲಿ ಎಂಬ ಕಪ್ಪು ಜನರ ಕಾಲೇಜಿನಲ್ಲಿ, ಕವಿ ಮೆಲ್ವಿನ್ ಟಾಲ್ಸನ್ ಚರ್ಚಾ ತಂಡ ಕಟ್ಟಿದ್ದರು. ಹುಡುಗರು ರಾತ್ರಿ ಮೇಷ್ಟ್ರ ಮನೆಗೇ ಹೋಗಬೇಕು. ಅಲ್ಲಿ ಅವರು ಒಂದೊಂದು ವಾದಕ್ಕೂ ಅಡ್ಡ ಪ್ರಶ್ನೆ ಹಾಕಿ ಬೆವರಿಳಿಸುತ್ತಿದ್ದರು. ಹಾಗೆ ಪಳಗಿದವರಲ್ಲಿ ಮುಂದೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಇಳಿದ ಜೇಮ್ಸ್ ಫಾರ್ಮರ್ ಕೂಡ ಒಬ್ಬರು. 1935ರಲ್ಲಿ ಈ ತಂಡ ಲಾಸ್ ಏಂಜಲೀಸ್‌ಗೆ ಹೋಗಿ, ಆಗಿನ ರಾಷ್ಟ್ರೀಯ ಚಾಂಪಿಯನ್ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೋಲಿಸಿತು. ಗೆದ್ದರೂ ಚಾಂಪಿಯನ್ ಎಂದು ಕರೆದುಕೊಳ್ಳುವ ಹಾಗಿರಲಿಲ್ಲ. ಸಂಘದ ಸದಸ್ಯತ್ವವೇ ಇಲ್ಲದವರಿಗೆ ಪಟ್ಟ ಎಲ್ಲಿಂದ ಬರಬೇಕು, ಅಲ್ವಾ?

2007ರಲ್ಲಿ ಈ ಕಥೆ ಹಾಲಿವುಡ್ ಸಿನಿಮಾ ಆಯಿತು. ಅದರಲ್ಲಿ ಎದುರಾಳಿಯನ್ನು ಹಾರ್ವರ್ಡ್ ಮಾಡಿಬಿಟ್ಟರು. ಸಿನಿಮಾದವರಿಗೆ ದೊಡ್ಡ ಹೆಸರೇ ಬೇಕು. ಆದರೂ ಒಂದು ಒಳ್ಳೆಯದಾಯಿತು. ಟಾಲ್ಸನ್ ಪಾತ್ರ ಮಾಡಿ, ಸಿನಿಮಾವನ್ನೂ ನಿರ್ದೇಶಿಸಿದ ಡೆನ್ಜೆಲ್ ವಾಷಿಂಗ್ಟನ್ ಹತ್ತು ಲಕ್ಷ ಡಾಲರ್ ಕೊಟ್ಟರು. ನಿಂತೇಹೋಗಿದ್ದ ವೈಲಿ ತಂಡ ಮತ್ತೆ ಎದ್ದಿತು. 2014ರಲ್ಲಿ ಆ ತಂಡ ರಾಷ್ಟ್ರೀಯ ಟೂರ್ನಮೆಂಟ್ ಒಂದನ್ನು ಗೆದ್ದು ಬಂತು. ಅದನ್ನು ನಡೆಸಿದ್ದು ಪೈ ಕಪ್ಪಾ ಡೆಲ್ಟಾ.